ಮನೆಯಲ್ಲಿ ಸೇದುವವರು ಯಾರಿದ್ದಾರೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ಫೋನ್ ಮಾಡಿದಾಗ ಕಂಪ್ಯೂಟರ್ ಬಗ್ಗೆಯೋ, ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ಬಗ್ಗೆಯೋ ಇಪ್ಪತ್ತು ನಿಮಿಷ ಮಾತಾಡಬೇಕು ಎಂದರು. ಅದನ್ನು ಮಕ್ಕಳಿಗೆ ಇನ್ನೊಂದು ದಿನ ಹೇಳುತ್ತೇನೆ ಎಂದು ಅವರನ್ನು ಒಪ್ಪಿಸಿ, ಬೇರೆಯೇ ವಿಷಯ ತಂದಿದ್ದೇನೆ. ಗರ್ಭಿಣಿ ಇರುವ ಮನೆಯಲ್ಲಿ ಬೇರೆಯವರು ಸೇದಿ ಬಿಡುವ ಬೀಡಿ, ಸಿಗರೇಟಿನ ಹೊಗೆ. ಆ ಬಗ್ಗೆ ತಪಾಸಣೆ ಮಾಡುವ ಡಾಕ್ಟರು, ಸಿಸ್ಟರು ಯಾರಿಗೆ ಏನು ಹೇಳಬೇಕು ಎಂಬುದು. ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಆದರೆ ಇವತ್ತು ಈ ಅಂಗಳದಲ್ಲಿ ಸೇರಿರುವಷ್ಟು ಗಂಡಸರು ಯಾವ ತಾಯಂದಿರ ಸಭೆಯಲ್ಲೂ ಸಿಗುವುದಿಲ್ಲ. ಈ ಮಾತು ಮುಖ್ಯವಾಗಿ ಅವರಿಗೆ.

ಬೀಡಿಯ ಹೆಸರೆತ್ತಿದರೆ ನಮ್ಮೂರಿನಲ್ಲಿ ಸ್ವಲ್ಪ ಜಾಗ್ರತೆ ಬೇಕು. ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಪುಸ್ತಕ, ಸಮವಸ್ತ್ರ, ಕೊಡೆ ಎಲ್ಲ ಬೀಡಿಯ ದುಡ್ಡಿನಲ್ಲೇ ಬಂದದ್ದು. ನಮ್ಮ ಮನೆಯಲ್ಲಿ ಅಮ್ಮ, ಅಕ್ಕ ಇಬ್ಬರೂ ಕಟ್ಟುತ್ತಿದ್ದರು. ಅಕ್ಕ ಇದೇ ಶಾಲೆಯಲ್ಲಿ ನನಗಿಂತ ನಾಲ್ಕು ವರ್ಷ ಮೊದಲು ಎಸ್ಸೆಸ್ಸೆಲ್ಸಿ ಮುಗಿಸಿದವಳು. ಗಣಿತದಲ್ಲಿ ನನಗಿಂತ ಚುರುಕು. ಆಮೇಲೆ ಅವಳು ಮೊರ ಹಿಡಿದು ಕೂತಳು, ನಾನು ಕಾಲೇಜಿಗೆ ಹೋದೆ. ಶನಿವಾರ ಬೀಡಿ ಬ್ರ್ಯಾಂಚಿಗೆ ಕಟ್ಟು ಹೊತ್ತುಕೊಂಡು ಹೋಗುವ ಕೆಲಸ ನನ್ನದಾಗಿತ್ತು. ಹಾಗಾಗಿ ಬೀಡಿ ಕಟ್ಟುವ ಕೈಗಳ ಬಗ್ಗೆ ಹಗುರವಾಗಿ ಮಾತಾಡುವ ಯೋಗ್ಯತೆ ನನಗಿಲ್ಲ. ನಾನು ಹೇಳುವುದು ಕಟ್ಟಿದ ಮೇಲಿನ ಕಥೆ: ಅದಕ್ಕೆ ಬೆಂಕಿ ಹಚ್ಚಿದಾಗ ಮನೆಯೊಳಗೆ ಏನಾಗುತ್ತದೆ ಎಂಬುದು.

ಬೀಡಿ ಸೇದುವಾಗ ಎರಡು ಬಗೆಯ ಹೊಗೆ ಬರುತ್ತದೆ. ಒಂದು ಸೇದುವವನು ಒಳಗೆಳೆದು ಹೊರಗೆ ಬಿಟ್ಟದ್ದು. ಇನ್ನೊಂದು, ಅವನು ಬೆರಳ ನಡುವೆ ಸುಮ್ಮನೆ ಹಿಡಿದುಕೊಂಡಿರುವಾಗ ತುದಿಯಿಂದ ತಾನೇ ಏಳುವುದು. ಪಕ್ಕದಲ್ಲಿ ಕೂತವರು ಉಸಿರಾಡುವ ಹೊಗೆಯಲ್ಲಿ ಬಹುಪಾಲು ಈ ಎರಡನೆಯದು. ಅದು ಕಡಿಮೆ ಶಾಖದಲ್ಲಿ ಅರೆಬರೆ ಉರಿದು ಬರುವುದರಿಂದ ಗ್ರಾಂ ಲೆಕ್ಕದಲ್ಲಿ ಮೊದಲಿನದಕ್ಕಿಂತ ಹೆಚ್ಚು ವಿಷಕಾರಿ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಬೀಡಿ ಚಿಕ್ಕದು, ಒಳಗಿರುವ ತಂಬಾಕೂ ಸ್ವಲ್ಪವೇ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಎಲೆಯ ಸುತ್ತು ಕಾಗದದಂತೆ ಗಾಳಿಯಾಡಲು ಬಿಡುವುದಿಲ್ಲ; ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಅಳೆದು ನೋಡಿದವರಿಗೆ ಟಾರು, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರೂ ಬೀಡಿಯಲ್ಲಿ ಸಿಗರೇಟಿಗಿಂತ ಹೆಚ್ಚೇ ಕಂಡಿವೆ.

ಕಾರ್ಬನ್ ಮೊನಾಕ್ಸೈಡ್ ಎಂದಾಗ ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬಿಡಿಸುತ್ತಿದ್ದ ಕೆಂಪು ರಕ್ತಕಣ ನೆನಪಾಗುತ್ತದೆ. ಹಿಮೋಗ್ಲೋಬಿನ್ ಎಂಬುದು ಆಮ್ಲಜನಕ ಹೊರುವ ಗಾಡಿ ಎಂದು ಅವರು ಹೇಳಿಕೊಟ್ಟಿದ್ದರು. ಆ ಗಾಡಿಗೆ ಆಮ್ಲಜನಕಕ್ಕಿಂತ ಕಾರ್ಬನ್ ಮೊನಾಕ್ಸೈಡ್ ಮೇಲೆ 200 ಪಟ್ಟಿಗೂ ಹೆಚ್ಚು ಮೋಹ. ಹೊಗೆ ಒಳಗೆ ಹೋದರೆ ಸೀಟು ಹಿಡಿಯುವುದು ಅದೇ. ಆಮ್ಲಜನಕ ಸ್ಟಾಪಿನಲ್ಲೇ ಉಳಿಯುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಬೇರೆ ಗಾಳಿ ಎಲ್ಲಿದೆ? ತಾಯಿಯ ರಕ್ತದಿಂದ ಮಾಸಿನ ಮೂಲಕ ಬಂದಷ್ಟೇ ಅದಕ್ಕೆ. ಕಾರ್ಬನ್ ಮೊನಾಕ್ಸೈಡ್ ಮಾಸನ್ನು ದಾಟುತ್ತದೆ, ಮಗುವಿನ ರಕ್ತದಲ್ಲಿ ತಾಯಿಯ ರಕ್ತಕ್ಕಿಂತಲೂ ಹೆಚ್ಚು ಪ್ರಮಾಣದಲ್ಲಿ ನಿಲ್ಲುತ್ತದೆ. ನಿಕೋಟಿನ್ ಕೂಡ ದಾಟುತ್ತದೆ. ದೇಹ ನಿಕೋಟಿನನ್ನು ಒಡೆದಾಗ ಉಳಿಯುವ ಕೋಟಿನಿನ್ ಎಂಬ ವಸ್ತು, ಒಂದು ದಿನವೂ ಬೀಡಿ ಮುಟ್ಟದ ತಾಯಂದಿರ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಿಕ್ಕಿದೆ. ಅಂದರೆ ಸೇದಿದ್ದು ಗಂಡನೋ ಮಾವನೋ, ಗುರುತು ಸಿಕ್ಕಿದ್ದು ಹುಟ್ಟಿದ ಮಗುವಿನಲ್ಲಿ.

ಪಕ್ಕದವರ ಹೊಗೆಯಿಂದ ಕಾಯಿಲೆ ಬರುತ್ತದೆ ಎಂದು ಜಗತ್ತು ಒಪ್ಪಿದ್ದು ತೀರ ಹಳೆಯ ಮಾತೇನಲ್ಲ. 1981ರಲ್ಲಿ ಜಪಾನಿನ ಹಿರಾಯಾಮ ಎಂಬ ವಿಜ್ಞಾನಿ ಧೂಮಪಾನ ಮಾಡದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿದ ಲೆಕ್ಕ ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಸೇದದ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ಅದರಲ್ಲಿ ಕಂಡಿತು. ತಂಬಾಕು ಕಂಪನಿಗಳು ಬಹಳ ಗದ್ದಲ ಮಾಡಿದವು. ಗರ್ಭಿಣಿಯರ ಬಗ್ಗೆ ಲೆಕ್ಕ ಆಮೇಲೆ ಬಂದದ್ದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ನೋಡಿದಾಗ, ಹೊಗೆಯಲ್ಲಿದ್ದ ತಾಯಂದಿರ ಮಕ್ಕಳ ತೂಕ ಸರಾಸರಿ 33 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಡಿಮೆ ಇತ್ತು. 2011ರ ಇನ್ನೊಂದು ಲೆಕ್ಕದಲ್ಲಿ ಹೊಟ್ಟೆಯಲ್ಲೇ ಮಗು ಸಾಯುವ ಅಪಾಯ ಶೇಕಡಾ 23ರಷ್ಟು ಹೆಚ್ಚು ಎಂದು ಬಂತು.

ಈ ಅಂಕಿಗಳನ್ನು ಹೇಗೆ ಓದಬೇಕೆಂದು ಒಂದು ನಿಮಿಷ ಹೇಳುತ್ತೇನೆ, ಅಂಕಿಗಳೊಡನೆ ಬದುಕುವುದು ನನ್ನ ಹೊಟ್ಟೆಪಾಡು. ಶೇಕಡಾ 23 ಎಂದರೆ ನೂರು ಮಕ್ಕಳಲ್ಲಿ 23 ಎಂದಲ್ಲ. ಇದ್ದ ಸಣ್ಣ ಅಪಾಯ ಸುಮಾರು ಕಾಲುಭಾಗದಷ್ಟು ಹಿಗ್ಗುತ್ತದೆ ಎಂದು. 33 ಗ್ರಾಂ ಕೇಳಿದರೆ ನಗು ಬರುತ್ತದೆ, ಚಹಾಕ್ಕೆ ಹಾಕುವ ಸಕ್ಕರೆಯಷ್ಟು. ಆದರೆ ಅದು ಸರಾಸರಿ. ಮೂರು ಕಿಲೋ ಇರುವ ಮಗುವಿಗೆ ಅದು ಗೊತ್ತಾಗದು. ನಮ್ಮ ಕಡೆ ರಕ್ತಹೀನತೆ ಇರುವ, ಹೊಟ್ಟೆ ತುಂಬ ಉಣ್ಣದ ತಾಯಿಯ ಮಗು ಮೊದಲೇ ಎರಡೂವರೆ ಕಿಲೋದ ಗೆರೆಯ ಅಂಚಿನಲ್ಲಿರುತ್ತದೆ. ಎರಡೂವರೆಗಿಂತ ಕೆಳಗಿಳಿದರೆ ಅದು ಕಡಿಮೆ ತೂಕದ ಮಗು. ಸೋಂಕು, ಉಸಿರಾಟದ ತೊಂದರೆ ಎಲ್ಲ ಅದನ್ನೇ ಹುಡುಕಿಕೊಂಡು ಬರುತ್ತವೆ.

ಈಗ ಅಕ್ಕನ ವಿಷಯ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಅವಳ ಮೊದಲ ಮಗು ಎಂಟನೇ ತಿಂಗಳಲ್ಲಿ ಹುಟ್ಟಿತು, ತೂಕ ಒಂದು ಕಿಲೋ ಒಂಬೈನೂರು. ಹದಿನೇಳು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ಮಗು ಈಗ ಎಂಟನೇ ತರಗತಿ, ನಿನ್ನೆ ಇದೇ ವೇದಿಕೆಯಲ್ಲಿ ಕುಣಿದದ್ದನ್ನು ನೀವೂ ನೋಡಿದ್ದೀರಿ. ಆ ಬಾರಿ ಅಕ್ಕ ಒಂದು ತಪಾಸಣೆಯನ್ನೂ ತಪ್ಪಿಸಿರಲಿಲ್ಲ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಟಿಟಿ ಚುಚ್ಚುಮದ್ದು, ಕಬ್ಬಿಣದ ಮಾತ್ರೆ ಎಲ್ಲವೂ ಬರೆದಿದ್ದವು. ಮನೆಯಲ್ಲಿ ಮಾವ ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದರು, ಭಾವ ಒಂದು. ಚಾವಡಿಯಲ್ಲಿ ಸೇದಿದರೆ ಹೊಗೆ ನೇರ ಒಳಕೋಣೆಗೆ. ಮಳೆಗಾಲದಲ್ಲಿ ಕಿಟಕಿ ತೆರೆಯುವಂತಿಲ್ಲ. ಆ ಎಂಟು ತಿಂಗಳಲ್ಲಿ ಆ ಬಗ್ಗೆ ಯಾರೂ ಕೇಳಲಿಲ್ಲ. ಮಗು ಬೇಗ ಹುಟ್ಟಿದ್ದು ಬೀಡಿಯಿಂದಲೇ ಎಂದು ನಾನು ಹೇಳುವುದಿಲ್ಲ, ಒಂದೇ ಮಗುವಿನ ವಿಷಯದಲ್ಲಿ ಹಾಗೆ ಬೆರಳಿಟ್ಟು ತೋರಿಸಲು ಯಾರಿಗೂ ಆಗದು. ಅಪಾಯ ಮನೆಯಲ್ಲಿತ್ತು, ಕಾರ್ಡಿನಲ್ಲಿ ಅದರ ಸುದ್ದಿಯೇ ಇರಲಿಲ್ಲ, ಅಷ್ಟು ಮಾತ್ರ ನಿಜ.

ಹಳ್ಳಿಯ ಕಥೆ ಬಿಡಿ, ನನ್ನ ಹೆಂಡತಿಯನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿ ಎಲ್ಲವೂ ಟ್ಯಾಬ್ಲೆಟ್ ಮೇಲೆ. ನರ್ಸ್ ಕೇಳಿದರು: ಧೂಮಪಾನ ಮಾಡುತ್ತೀರಾ? ಇಲ್ಲ. ಮುಂದಿನ ಪ್ರಶ್ನೆ. ಫಾರಂಗಳನ್ನು ಮಾಡುವುದೇ ನನ್ನ ಕಸುಬಾದ್ದರಿಂದ ನನಗೆ ಅದು ತಟ್ಟನೆ ಕಂಡಿತು. ಫಾರಂ ಕೇಳದ್ದು ವ್ಯವಸ್ಥೆಗೆ ಗೊತ್ತಾಗುವುದಿಲ್ಲ. ಎಷ್ಟು ದುಬಾರಿ ಸಾಫ್ಟ್‌ವೇರ್ ಹಾಕಿದರೂ ಅಷ್ಟೇ. 2016-17ರ ರಾಷ್ಟ್ರಮಟ್ಟದ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಧೂಮಪಾನ ಮಾಡುವ ಹೆಂಗಸರು ನೂರಕ್ಕೆ 2. ಗಂಡಸರು ನೂರಕ್ಕೆ 19. ಮನೆಯೊಳಗೆ ಬೇರೆಯವರ ಹೊಗೆಗೆ ಒಡ್ಡಿಕೊಳ್ಳುವ ವಯಸ್ಕರು ನೂರಕ್ಕೆ 38.7. ನೂರು ಗರ್ಭಿಣಿಯರನ್ನು "ನೀವು ಸೇದುತ್ತೀರಾ" ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಇಲ್ಲವೆನ್ನುತ್ತಾರೆ, ಟಿಕ್ ಬೀಳುತ್ತದೆ, ಎಲ್ಲರಿಗೂ ಸಮಾಧಾನ. ಆ ಪ್ರಶ್ನೆ ಹೆಂಗಸರೂ ಸೇದುವ ದೇಶಗಳಲ್ಲಿ ಹುಟ್ಟಿದ್ದು. ನಮ್ಮ ಮನೆಗೆ ಬೇಕಾದ ಪ್ರಶ್ನೆ: ಮನೆಯಲ್ಲಿ ಸೇದುವವರು ಯಾರಿದ್ದಾರೆ? (ಎಲೆಯಡಿಕೆಯ ಜತೆ ಹೊಗೆಸೊಪ್ಪು ಹಾಕುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಗರ್ಭಿಣಿಗೆ ಅದೂ ಕೆಟ್ಟದ್ದೇ. ಅದಕ್ಕೆ ಇನ್ನೊಂದು ಭಾಷಣ ಬೇಕು.)

ಇದು ನಾನು ಕಂಡುಹಿಡಿದದ್ದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಈ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಪ್ರತಿಯೊಬ್ಬ ಗರ್ಭಿಣಿಯನ್ನೂ ಸ್ವಂತ ತಂಬಾಕು ಬಳಕೆಯ ಜತೆಗೆ ಬೇರೆಯವರ ಹೊಗೆಯ ಬಗ್ಗೆಯೂ ಆದಷ್ಟು ಬೇಗ, ಮತ್ತು ಪ್ರತಿ ತಪಾಸಣೆಯಲ್ಲೂ ಕೇಳಬೇಕು ಎಂದು ಅದರಲ್ಲಿದೆ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಸಲಹೆ: ಸಾಧ್ಯವಾದಲ್ಲೆಲ್ಲ ಆರೋಗ್ಯ ಸಿಬ್ಬಂದಿ ಗಂಡನೊಡನೆ, ಮನೆಯ ಇತರರೊಡನೆ ನೇರವಾಗಿ ಮಾತಾಡಬೇಕು, ಬಿಡಲು ಸಹಾಯವನ್ನೂ ಕೊಡಬೇಕು.

ನೇರವಾಗಿ ಏಕೆ? "ಹೊಗೆಯಿಂದ ದೂರ ಇರಮ್ಮ" ಎಂದು ಗರ್ಭಿಣಿಗೆ ಹೇಳಿ ಕಳಿಸುವುದು ಸುಲಭ. ಅವಳು ದೂರ ಎಲ್ಲಿ ಹೋಗಬೇಕು? ಮನೆ ಅವಳ ಮಾವನದು. ಚಾವಡಿ ಅವರದು. ಎರಡು ವರ್ಷದ ಹಿಂದೆ ಮದುವೆಯಾಗಿ ಬಂದ ಹುಡುಗಿ ಅರುವತ್ತು ದಾಟಿದ ಮಾವನಿಗೆ "ಹೊರಗೆ ಹೋಗಿ ಸೇದಿ" ಎನ್ನಲು ನಮ್ಮಲ್ಲಿ ಸಾಧ್ಯವೇ? ಅಣ್ಣತಮ್ಮಂದಿರು ಹೇಳಿದರೆ ಅದು ಮರುದಿನ ಅವಳ ಮೇಲೆ ತಿರುಗುತ್ತದೆ. ತವರಿನಲ್ಲಿ ಮಾತ್ರ ಏನು? ಏಳನೇ ತಿಂಗಳಿಗೆ ಬಯಕೆ ಊಟ ಮುಗಿಸಿ ಕರೆದುಕೊಂಡು ಬಂದರೆ ಅಲ್ಲಿ ಅಪ್ಪ, ಚಿಕ್ಕಪ್ಪ, ಸಂಜೆ ಇಸ್ಪೀಟಿಗೆ ಬರುವ ನೆರೆಯವರು. ಬಯಕೆಯ ದಿನವೇ ಚಪ್ಪರದ ಮೂಲೆಯಲ್ಲಿ ಹತ್ತು ಮಂದಿ ಹೊಗೆ ಬಿಡುತ್ತಿರುತ್ತಾರೆ. ಯಾರ ಕೈಯಲ್ಲಿ ಬೀಡಿ ಇದೆಯೋ ಅವರಿಗೆ ಹೇಳದೆ, ಯಾರ ಕೈಯಲ್ಲಿ ಏನೂ ಇಲ್ಲವೋ ಅವರಿಗೆ ಹೇಳಿ ಪ್ರಯೋಜನವಿಲ್ಲ.

ಅಕ್ಕನ ಎರಡನೇ ಬಸುರಿನಲ್ಲಿ ಉಪಕೇಂದ್ರಕ್ಕೆ ಹೊಸ ಆರೋಗ್ಯ ಸಹಾಯಕಿ ಬಂದಿದ್ದರು, ನಾವೆಲ್ಲ ಸಿಸ್ಟರ್ ಎನ್ನುವವರು. ಮನೆಭೇಟಿಗೆ ಬಂದವರು ಕಾರ್ಡ್ ತೆರೆಯುವ ಮೊದಲೇ ಮೂಗಿನಲ್ಲಿ ಗಾಳಿ ಎಳೆದು ಕೇಳಿದರಂತೆ, "ಮನೆಯಲ್ಲಿ ಸೇದುವವರು ಯಾರಿದ್ದಾರೆ?" ಅಕ್ಕ ಸುಮ್ಮನಿದ್ದಳು. ಅತ್ತೆ ಉತ್ತರ ಕೊಟ್ಟರು. ನಲವತ್ತು ವರ್ಷ ತಡೆದಿಟ್ಟುಕೊಂಡ ಉತ್ತರ ಅದು, ಸ್ವಲ್ಪ ಉದ್ದವೇ ಇತ್ತಂತೆ. ಸಿಸ್ಟರ್ ಎದ್ದು ಚಾವಡಿಗೆ ಹೋಗಿ, ಮಾವನ ಎದುರು ಸ್ಟೂಲು ಎಳೆದು ಕೂತರು. ಬೀಡಿ ಬಿಡಿ ಎಂದು ಅವರು ಹೇಳಲೇ ಇಲ್ಲ. ನಿಮ್ಮ ಮೊಮ್ಮಗು ಒಳಗೆ ನಿಮ್ಮ ಹೊಗೆಯನ್ನೇ ಉಸಿರಾಡುತ್ತಿದೆ, ಮೊದಲನೆಯದು ಎಷ್ಟು ಸಣ್ಣದಿತ್ತು ನೀವೇ ನೋಡಿದ್ದೀರಿ, ಈ ಮಾಡಿನ ಕೆಳಗೆ ಮಾತ್ರ ಸೇದಬೇಡಿ, ಅಷ್ಟು ಮಾಡುತ್ತೀರಾ ಎಂದು ಕೇಳಿದರು. ಮಾವ ಉತ್ತರ ಕೊಡಲಿಲ್ಲ. ಆದರೆ ಮರುದಿನದಿಂದ ತೋಟದ ಕಟ್ಟೆಗೆ ಹೋದರು. ಆಟಿಯ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಅಡಿಕೆ ಮರದ ಬುಡದಲ್ಲಿ ನಿಂತು ಸೇದುತ್ತಿದ್ದ ಅವರನ್ನು ನಾನೇ ಕಂಡಿದ್ದೇನೆ. ನೆರೆಯವರು ಚಾವಡಿಯಲ್ಲಿ ಬೀಡಿ ತೆಗೆದರೆ ಅವರನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು. ಸೊಸೆ ವರ್ಷಗಟ್ಟಲೆ ಬೇಡಿದರೂ ಆಗದ್ದು ಹೊರಗಿನ, ಸಮವಸ್ತ್ರದ ಹೆಂಗಸೊಬ್ಬರು ಹತ್ತು ನಿಮಿಷ ಕೂತು ಮರ್ಯಾದೆಯಿಂದ ಹೇಳಿದಾಗ ಆಯಿತು. ಮಾವ ಕೊನೆಯವರೆಗೂ ಬೀಡಿ ಬಿಡಲಿಲ್ಲ. ಭಾವ ಬಿಟ್ಟರು, ಒಂದು ಮದುವೆಯಲ್ಲಿ ಮತ್ತೆ ಹಿಡಿದರು, ಮತ್ತೆ ಬಿಟ್ಟರು. ಈಗ ನಾಲ್ಕು ವರ್ಷವಾಯಿತು. ಎರಡನೇ ಮಗು ದಿನ ತುಂಬಿ ಹುಟ್ಟಿತು, ಎರಡು ಕಿಲೋ ಎಂಟುನೂರು.

ನಮ್ಮ ಅಜ್ಜಿ ಒಲೆಯ ಹೊಗೆಯಲ್ಲೇ ಹತ್ತು ಹೆತ್ತರಲ್ಲ ಎಂದು ಯಾರಾದರೂ ಕೇಳುತ್ತೀರಿ, ಪ್ರತಿ ಬಾರಿಯೂ ಕೇಳುತ್ತಾರೆ. ಹೆತ್ತರು. ನನ್ನ ಅಜ್ಜಿಯ ಹತ್ತರಲ್ಲಿ ಉಳಿದದ್ದು ಆರು. ಒಲೆಯ ಹೊಗೆಯೂ ಗರ್ಭಿಣಿಗೆ ಒಳ್ಳೆಯದಲ್ಲ, ಅದೂ ಮಗುವಿನ ತೂಕ ಇಳಿಸುತ್ತದೆ. ಒಂದು ಕೆಟ್ಟದ್ದು ಮನೆಯಲ್ಲಿದೆ ಎಂದು ಇನ್ನೊಂದನ್ನು ಸೇರಿಸಿಕೊಳ್ಳುವ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಫ್ಯಾನ್ ಹಾಕುತ್ತೇವೆ, ಕಿಟಕಿ ಪಕ್ಕ ಸೇದುತ್ತೇವೆ ಎನ್ನುವವರಿಗೂ ಒಂದು ಮಾತು. ನಾನು ಗಾಳಿಯ ದೂಳು ಅಳೆಯುವ ಅಗ್ಗದ ಯಂತ್ರವೊಂದನ್ನು ಊರಿಗೆ ತಂದು ಒಳಕೋಣೆಯಲ್ಲಿಟ್ಟಿದ್ದೆ. ಅಗ್ಗದ್ದಾದ್ದರಿಂದ ಅಂಕಿ ಹೇಳುವುದಿಲ್ಲ. ಚಾವಡಿಯ ಕಿಟಕಿ ಪಕ್ಕ ಒಬ್ಬರು ಬೀಡಿ ಹಚ್ಚಿದ ಸ್ವಲ್ಪ ಹೊತ್ತಿಗೆ ಮುಚ್ಚಿದ ಬಾಗಿಲಿನ ಆಚೆ ಅಂಕಿ ಏರತೊಡಗಿತು. ಬೀಡಿ ಆರಿ ಬಹಳ ಹೊತ್ತಾದರೂ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ಗರ್ಭಿಣಿ ಮಾಸ್ಕ್ ಹಾಕಿಕೊಂಡರೂ ಕಾರ್ಬನ್ ಮೊನಾಕ್ಸೈಡ್ ತಡೆಯದು. ಇಷ್ಟು ಹೊಗೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲೇ ಹೇಳಿದೆ. ಹೆರಿಗೆಯ ನಂತರವೂ ಇದು ಮುಗಿಯುವುದಿಲ್ಲ: ನಿದ್ದೆಯಲ್ಲಿ ಶಿಶು ಹಠಾತ್ತಾಗಿ ಸಾಯುವುದು, ಕಫ, ಕಿವಿಯ ಸೋಂಕು, ಉಬ್ಬಸ ಎಲ್ಲಕ್ಕೂ ಈ ಹೊಗೆಯ ನಂಟಿದೆ.

ಕಾನೂನು ಇಲ್ಲವೇ ಎಂದರೆ, ಇದೆ. ನಾವು ಇಲ್ಲಿ ಓದುತ್ತಿದ್ದಾಗಲೇ, 2003ರಲ್ಲಿ, ತಂಬಾಕು ನಿಯಂತ್ರಣ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ನಿಷೇಧ ಬಿಗಿಯಾಯಿತು. ಕರ್ನಾಟಕ ಈಚೆಗೆ ತಿದ್ದುಪಡಿ ತಂದು ದಂಡವನ್ನು 200ರಿಂದ 1000 ರೂಪಾಯಿಗೆ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಇಂಥ ಕಾನೂನು ನಿಜವಾಗಿ ಜಾರಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೂ ಉಪಕಾರವಾಗುತ್ತದೆ. ಸ್ಕಾಟ್ಲೆಂಡ್ 2006ರಲ್ಲಿ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಲ್ಲಿಸಿದ ನಂತರ ಅಲ್ಲಿ ದಿನ ತುಂಬದ ಹೆರಿಗೆಗಳು ಕಡಿಮೆಯಾದವು. ಇಂಥ ಹಲವು ಅಧ್ಯಯನಗಳನ್ನು 2014ರಲ್ಲಿ ಸೇರಿಸಿ ನೋಡಿದಾಗ ಇಳಿಕೆ ಶೇಕಡಾ 10ರಷ್ಟು ಎಂದು ಕಂಡಿತು. ಆದರೆ ನಮ್ಮ ಕಾಯ್ದೆ ಬಸ್ ನಿಲ್ದಾಣ, ಹೋಟೆಲು, ಆಸ್ಪತ್ರೆಗೆ ಅನ್ವಯಿಸುತ್ತದೆ. ಮನೆಯ ಹೊಸ್ತಿಲಿನ ಒಳಗೆ ಅದು ಬರುವುದಿಲ್ಲ, ಬರಬೇಕೆಂದು ನಾನು ಹೇಳುವುದೂ ಇಲ್ಲ. ಅಲ್ಲಿಗೆ ಹೋಗುವವರು ಆಶಾ ಕಾರ್ಯಕರ್ತೆಯರು, ಸಿಸ್ಟರುಗಳು. ಅವರಿಗೆ ಈಗಾಗಲೇ ಹೊರಲಾರದಷ್ಟು ಕೆಲಸವಿದೆ ಎಂದು ನನಗೆ ಗೊತ್ತಿದೆ. ಆದರೂ ಈ ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಾಕು.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಕಳೆದ ಬಾರಿ ಊರಿಗೆ ಬಂದಾಗ ಆ ದಿನ ಒಂದು ಆಸ್ಪತ್ರೆಯ ಎದುರು ಹೋಗಿದ್ದೆ. ಒಳಗೆ ಹೆಂಗಸರ ಸಾಲು. ಹೊರಗೆ ಗೇಟಿನ ಪಕ್ಕ ಅವರನ್ನು ಬೈಕಿನಲ್ಲಿ, ರಿಕ್ಷಾದಲ್ಲಿ ಕರೆತಂದ ಗಂಡಂದಿರು, ಹಲವರ ಕೈಯಲ್ಲಿ ಬೀಡಿ. ಯಾರಿಗೆ ಹೇಳಬೇಕೋ ಅವರು ಅಲ್ಲೇ ಇದ್ದಾರೆ, ಹತ್ತು ಮಾರು ದೂರದಲ್ಲಿ, ಮಾಡಲು ಬೇರೆ ಕೆಲಸವೂ ಇಲ್ಲದೆ. ಅವರನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ ಐದು ನಿಮಿಷ ಮಾತಾಡಿದರೆ ಸಾಕು. ಈ ಮಾತನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹಳೆ ವಿದ್ಯಾರ್ಥಿ ಸಂಘದಿಂದ ಬರೆದು ಕೊಟ್ಟಿದ್ದೇವೆ. ಬೆಂಚು ಸಾಲದಿದ್ದರೆ ನಾವು ಮಾಡಿಸಿಕೊಡುತ್ತೇವೆ ಎಂದೂ ಬರೆದಿದ್ದೇವೆ.

ಬಿಡಬೇಕು ಎಂದುಕೊಂಡವರಿಗೆ ಸಹಾಯವಿದೆ. 1800-11-2356 ಎಂಬುದು ರಾಷ್ಟ್ರೀಯ ಉಚಿತ ಸಹಾಯವಾಣಿ; ಭಾವ ಕರೆ ಮಾಡಿದ್ದು ಅದಕ್ಕೇ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರವಿದೆ. ಬಿಡಲು ಈಗಲೇ ಆಗದವರು ಅಷ್ಟರವರೆಗೆ ಮಾಡಿನಿಂದ ಹೊರಗೆ, ಬಾಗಿಲು ಕಿಟಕಿಯಿಂದ ದೂರ ಹೋಗಿ ಸೇದಿ, ಕೈ ಬಾಯಿ ತೊಳೆದು ಒಳಗೆ ಬನ್ನಿ. ಅದು ಪೂರ್ತಿ ಪರಿಹಾರವಲ್ಲ, ಆದರೆ ಅಡಿಕೆ ಮರದ ಬುಡ ಚಾವಡಿಗಿಂತ ಎಷ್ಟೋ ಮೇಲು.

ಇನ್ನೊಂದು ಸೂಚನೆ ಕೊಟ್ಟು ಮೈಕ್ ಬಿಟ್ಟುಕೊಡುತ್ತೇನೆ, ಊಟದ ಹೊತ್ತಾಯಿತು. ಊಟವಾದ ಮೇಲೆ ನಮ್ಮ ಹಳೆಯ ಹತ್ತನೇ ತರಗತಿಯ ಕೋಣೆಯಲ್ಲಿ ಉಪಕೇಂದ್ರದ ಇಬ್ಬರು ಸಿಸ್ಟರುಗಳು ನಾಲ್ಕು ಗಂಟೆಯವರೆಗೆ ಕೂತಿರುತ್ತಾರೆ. ಮನೆಯಲ್ಲಿ ಬಸುರಿ, ಬಾಣಂತಿ ಇರುವ ಗಂಡಸರು ದಯವಿಟ್ಟು ಒಂದು ಗಳಿಗೆ ಹೋಗಿ ಬನ್ನಿ. ಹಿಂದಿನ ಬೆಂಚುಗಳೂ ಖಾಲಿ ಇವೆ.